ಮೊಣಕಾಲು ನೋವು ಮರೆತ ಮೂವತ್ತು ನಿಮಿಷ

“ಈ ವಯಸ್ಸಿನಲ್ಲಿ ಕಾಶಿಗೋ ರಾಮೇಶ್ವರಕ್ಕೋ ಹೋಗೋದು ಬಿಟ್ಟು ಸಮುದ್ರದ ತಳಕ್ಕೆ ಹೋಗಿದ್ದಿರಂತಲ್ಲ ಟೀಚರ್, ಅಲ್ಲಿ ಅಂಥಾದ್ದೇನಿತ್ತು?” ಅಂಡಮಾನಿನಿಂದ ಬಂದ ಮೇಲೆ ನನಗೆ ಈ ಪ್ರಶ್ನೆ ಕೇಳದವರಿಲ್ಲ. ಹಾಲಿನವನು ಕೇಳಿದ, ಭಜನಾ ಮಂಡಳಿಯವರು ಕೇಳಿದರು, ನನ್ನ ಬಿ.ಪಿ. ನೋಡುವ ಡಾಕ್ಟರೂ ಕೇಳಿದರು. ನಿಂತ ಕಾಲಲ್ಲಿ ಹೇಳಿ ಮುಗಿಸುವ ಉತ್ತರವಲ್ಲ ಅದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಚಿತ್ರದುರ್ಗದವಳು. ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತಳಾದೆ. ನಮ್ಮದು ನೀರನ್ನು ಕೊಡದಲ್ಲಿ ಎಣಿಸುವ ಸೀಮೆ. ಸಮುದ್ರವೆಂದರೆ ನನ್ನ ಪಾಲಿಗೆ ಗೋಡೆಯ ಮೇಲಿನ ಭೂಪಟದ ನೀಲಿ ಬಣ್ಣ. “ಹವಳದ ದಿಬ್ಬ ಎಂದರೇನು?” ಎಂಬುದು ಎರಡು ಅಂಕದ ಪ್ರಶ್ನೆ. ಸಾವಿರಾರು ಮಕ್ಕಳಿಗೆ ಅದರ ಉತ್ತರ ಬರೆಸಿದ್ದೇನೆ, ತಿದ್ದಿದ್ದೇನೆ. ಹವಳವನ್ನು ಮಾತ್ರ ನಮ್ಮಮ್ಮನ ಕೊರಳ ಸರದಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವಳಲ್ಲ.

ಇನ್ನೊಂದು ಮಾತೂ ಹೇಳಬೇಕು. ನಾನು ಚಿಕ್ಕವಳಿದ್ದಾಗ ನಮ್ಮ ಅಣ್ಣಂದಿರೆಲ್ಲ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತರು. ಧುಡುಂ ಎಂದು ಹಾರುವುದು, ಮುಳುಗುವುದು, ಏಳುವುದು. ಹೆಣ್ಣುಮಕ್ಕಳ ಕೆಲಸ ದಡದಲ್ಲಿ ಕೂತು ಅವರ ಬಟ್ಟೆ ಕಾಯುವುದು. “ನಾನೂ ಇಳೀಲಾ?” ಎಂದು ಒಮ್ಮೆ ಕೇಳಿದ್ದೆ. “ನೀನಾ?” ಎಂದು ಎಲ್ಲರೂ ನಕ್ಕಿದ್ದರು. ನೀರಿನೊಳಗೆ ಏನಿರುತ್ತದೆ ಎಂಬ ಕುತೂಹಲ ಅಂದಿನಿಂದ ಒಳಗೇ ಕೂತಿತ್ತು.

ಸಂಜೆ ಐದಕ್ಕೇ ಮುಳುಗುವ ಸೂರ್ಯ

ಕಳೆದ ಜನವರಿಯಲ್ಲಿ ಮಗ ಎಲ್ಲರನ್ನೂ ಅಂಡಮಾನಿಗೆ ಹೊರಡಿಸಿದ. ನಾನು, ನಮ್ಮವರು, ಮಗ, ಸೊಸೆ, ಆರನೇ ತರಗತಿಯ ಮೊಮ್ಮಗಳು, ಏಳು ವರ್ಷದ ಮೊಮ್ಮಗ. ಬೆಂಗಳೂರಿನಿಂದ ವಿಮಾನದಲ್ಲಿ ಪೋರ್ಟ್ ಬ್ಲೇರ್ ತಲುಪಿದೆವು. ಊರಿನ ಹೆಸರು 2024ರಿಂದ ಶ್ರೀ ವಿಜಯಪುರಂ. ಅಲ್ಲಿಂದ ಹಡಗಿನಲ್ಲಿ ಸುಮಾರು ಎರಡು ಗಂಟೆ ಪಯಣಿಸಿದರೆ ಸ್ವರಾಜ್ ದ್ವೀಪ. ಮೊದಲು ಹ್ಯಾವ್‌ಲಾಕ್ ಎಂಬ ಬ್ರಿಟಿಷ್ ಸೇನಾಪತಿಯ ಹೆಸರಿತ್ತು. ನೇತಾಜಿ ಸುಭಾಷ್‌ಚಂದ್ರ ಬೋಸರು 1943ರ ಡಿಸೆಂಬರ್ 30ರಂದು ಪೋರ್ಟ್ ಬ್ಲೇರಿನಲ್ಲಿ ತ್ರಿವರ್ಣ ಧ್ವಜ ಹಾರಿಸಿದ್ದರು. ಅದರ ಎಪ್ಪತ್ತೈದನೇ ವರ್ಷದ ನೆನಪಿಗೆ 2018ರಲ್ಲಿ ಈ ಹೊಸ ಹೆಸರು ಬಂತು.

ದ್ವೀಪದ ಹಳ್ಳಿಗಳ ಹೆಸರು ಕೇಳಿ ನಮ್ಮವರಿಗೆ ಖುಷಿಯೋ ಖುಷಿ: ಗೋವಿಂದ ನಗರ, ಕೃಷ್ಣ ನಗರ, ಶ್ಯಾಮ ನಗರ, ರಾಧಾ ನಗರ. ದೇಶ ವಿಭಜನೆಯ ನಂತರ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರನ್ನು 1950ರ ದಶಕದಲ್ಲಿ ಸರ್ಕಾರ ಇಲ್ಲಿ ನೆಲೆಗೊಳಿಸಿತು. ಮನೆ ಕಳೆದುಕೊಂಡು ಬಂದವರು ಕಾಡಿನ ನಡುವೆ ಊರು ಕಟ್ಟಿ ದೇವರ ಹೆಸರಿಟ್ಟರು. ಇಂದು ತೆಂಗು, ಅಡಿಕೆ, ಬಾಳೆ, ಭತ್ತದ ಗದ್ದೆ ಕಂಡರೆ ನಮ್ಮ ಮಲೆನಾಡಿಗೋ ಕರಾವಳಿಗೋ ಬಂದ ಹಾಗನ್ನಿಸುತ್ತದೆ.

ಮೊದಲ ದಿನವೇ ಮೊಮ್ಮಗಳಿಗೆ ಒಂದು ಆಶ್ಚರ್ಯ. ರಾಧಾನಗರದ ಮರಳ ದಂಡೆಯಲ್ಲಿ ನಿಂತಿದ್ದೆವು. ಗಂಟೆ ಐದೂವರೆಯೂ ಆಗಿರಲಿಲ್ಲ, ಸೂರ್ಯ ಮುಳುಗಿಯೇ ಹೋದ! “ಅಜ್ಜಿ, ಇಲ್ಲಿ ಸೂರ್ಯನಿಗೆ ಬೇಗ ಮನೆಗೆ ಹೋಗಬೇಕಾ?” ಎಂದಳು. ಮರಳಿನ ಮೇಲೆಯೇ ಲೆಕ್ಕ ಹಾಕಿಸಿದೆ. ಚಿತ್ರದುರ್ಗ ಇರುವುದು ಹೆಚ್ಚುಕಡಿಮೆ 76.4 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಈ ದ್ವೀಪ 93 ಡಿಗ್ರಿಯಲ್ಲಿ. ಒಂದೊಂದು ಡಿಗ್ರಿಗೆ ನಾಲ್ಕು ನಿಮಿಷ. ಎಷ್ಟಾಯಿತು? ಮಕ್ಕಳೇ, ನೀವೂ ಗುಣಿಸಿ ನೋಡಿ. ಒಂದು ಗಂಟೆಗೂ ಮೇಲೆ ಬರುತ್ತದೆ. ಸೂರ್ಯ ಅಷ್ಟು ಮುಂದೆ, ಗಡಿಯಾರ ಮಾತ್ರ ಇಡೀ ದೇಶಕ್ಕೆ ಒಂದೇ.

ಕುಂಭಕ ಮಾತ್ರ ಕೂಡದು

ಸ್ಕೂಬಾ ಡೈವಿಂಗ್ ಮಾಡಬೇಕೆಂದು ಹಟ ಹಿಡಿದವಳು ಮೊಮ್ಮಗಳು. ಹತ್ತು ವರ್ಷ ತುಂಬಿದ ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆ, ಅವಳಿಗೆ ಹನ್ನೊಂದು. ಆದರೆ ಹೊರಡುವ ಹಿಂದಿನ ರಾತ್ರಿ ಅವಳ ಧೈರ್ಯ ಕರಗಿತು. “ಅಜ್ಜಿ, ನೀನೂ ಬಂದರೆ ಮಾತ್ರ ಇಳೀತೀನಿ” ಎಂದುಬಿಟ್ಟಳು. ಸೊಸೆ ನನ್ನ ಮುಖ ನೋಡಿದಳು. ಮಗ, “ಅಮ್ಮನಿಗೆ ಈಜು ಬರಲ್ಲ ಕಣೇ” ಎಂದ. ಬಾವಿಯ ಕಟ್ಟೆಯ ಮೇಲೆ ಕೇಳಿದ್ದ ನಗು ನೆನಪಾಯಿತು. “ಬರ್ತೀನಿ” ಎಂದೆ.

ಈಜು ಬಾರದವರೂ ಮೊದಲ ಡೈವ್ ಮಾಡಬಹುದು. ಒಬ್ಬೊಬ್ಬರಿಗೆ ಒಬ್ಬೊಬ್ಬ ತರಬೇತುದಾರ, ಕೈಬಿಡದೆ ಜೊತೆಗಿರುತ್ತಾರೆ. ಆದರೆ ಆರೋಗ್ಯದ ಅರ್ಜಿಯೊಂದನ್ನು ತುಂಬಬೇಕು. ಹೃದ್ರೋಗ, ಆಸ್ತಮಾ, ಕಿವಿಯ ತೊಂದರೆ ಇದ್ದರೆ ವೈದ್ಯರ ಒಪ್ಪಿಗೆ ಇಲ್ಲದೆ ನೀರಿಗಿಳಿಸುವುದಿಲ್ಲ. ನೆಗಡಿಯಾದರೂ ಬೇಡವೆನ್ನುತ್ತಾರೆ. ಮಗನ ಒತ್ತಾಯಕ್ಕೆ ಊರಿನಲ್ಲೇ ನಾನು ಡಾಕ್ಟರ ಹತ್ತಿರ ತಪಾಸಣೆ ಮಾಡಿಸಿಕೊಂಡಿದ್ದೆ. ನಮ್ಮವರಿಗೆ ಹೃದಯದಲ್ಲಿ ಸ್ಟೆಂಟ್ ಇರುವುದರಿಂದ ಅವರು ದಡದಲ್ಲೇ ಉಳಿದರು. ಬಟ್ಟೆ ಕಾಯುವ ಕೆಲಸ ಈ ಸಲ ಅವರದು!

ನನಗೆ ಸಿಕ್ಕ ತರಬೇತುದಾರ ಇಪ್ಪತ್ತೈದರ ಆಸುಪಾಸಿನ ಬಂಗಾಳಿ ಹುಡುಗ. ಅವನ ಅಜ್ಜ ನಿರಾಶ್ರಿತರ ಹಡಗಿನಲ್ಲಿ ಬಂದವರಂತೆ. ನನ್ನನ್ನು “ಮಾಸಿಮಾ” ಎಂದು ಕರೆದ, ಅವರಲ್ಲಿ ಚಿಕ್ಕಮ್ಮ ಎಂದರ್ಥ. ಜೀವಮಾನವಿಡೀ ಸೀರೆ ಉಟ್ಟವಳು ಮೈಗಂಟುವ ರಬ್ಬರಿನ ವೆಟ್‌ಸೂಟ್ ಹಾಕಿಕೊಳ್ಳುವುದಕ್ಕೇ ಕಾಲು ಗಂಟೆ ಹಿಡಿಯಿತು. ಮೊಮ್ಮಗ ನೋಡಿ, “ಅಜ್ಜಿ ಸೀಲ್ ಥರ ಇದೆ” ಎಂದ.

ಎದೆಮಟ್ಟದ ನೀರಿನಲ್ಲಿ ಮೊದಲು ಪಾಠ. ಬೆನ್ನಿನ ಸಿಲಿಂಡರಿನಲ್ಲಿ ಆಮ್ಲಜನಕ ಇರುತ್ತದೆಂದು ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ, ನಾವು ಉಸಿರಾಡುವ ಮಾಮೂಲಿ ಗಾಳಿಯೇ. ಕಾರಿನ ಟೈರಿಗಿಂತ ಸುಮಾರು ನೂರು ಪಟ್ಟು ಒತ್ತಡದಲ್ಲಿ ತುಂಬಿರುತ್ತಾರೆ, ಅಷ್ಟೆ. ಅಷ್ಟು ಒತ್ತಡದ ಗಾಳಿಯನ್ನು ನಮಗೆ ಬೇಕಾದಾಗ, ಬೇಕಾದಷ್ಟೇ, ಹಿತವಾಗಿ ಬಾಯಿಗೆ ಬಿಡುವ ಸಲಕರಣೆಯನ್ನು ಫ್ರಾನ್ಸಿನ ಜಾಕ್ ಕುಸ್ಟೊ ಮತ್ತು ಎಮಿಲ್ ಗಾನ್ಯಾನ್ ರೂಪಿಸಿದರು. ಅದೂ 1943ರಲ್ಲೇ! ಇತ್ತ ನೇತಾಜಿ ಧ್ವಜ ಹಾರಿಸಿದ ವರ್ಷ, ಅತ್ತ ಯುದ್ಧದ ನಡುವೆಯೇ ಮನುಷ್ಯ ಮೀನಿನ ಹಾಗೆ ತಿರುಗಾಡಲು ಕಲಿತ. ನೀರಿನಡಿ ಉಸಿರಾಡಲು ಬೇಕಾದ್ದನ್ನೆಲ್ಲ ನಾವೇ ಹೊತ್ತೊಯ್ಯುವ ಸಾಧನ ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಜೋಡಿಸಿದರೆ ಸ್ಕೂಬಾ ಎಂದಾಗುತ್ತದೆ.

ಹುಡುಗ ಹೇಳಿದ ದೊಡ್ಡ ನಿಯಮ ಒಂದೇ: ಉಸಿರು ಕಟ್ಟಬೇಡಿ. ಆಳದಿಂದ ಮೇಲೆ ಬರುವಾಗ ಒತ್ತಡ ಕಡಿಮೆಯಾಗಿ ಶ್ವಾಸಕೋಶದ ಗಾಳಿ ಹಿಗ್ಗುತ್ತದೆ. ಉಸಿರು ಬಿಗಿಹಿಡಿದರೆ ಅಪಾಯ. ದಿನಾ ಬೆಳಿಗ್ಗೆ ಪ್ರಾಣಾಯಾಮ ಮಾಡುವ ನನಗೆ ತಟ್ಟನೆ ಅರ್ಥವಾಯಿತು. ಪೂರಕ ಸರಿ, ರೇಚಕ ಸರಿ, ಕುಂಭಕ ಮಾತ್ರ ಕೂಡದು!

ನೀರಿನಡಿ ಮಾತಿಲ್ಲ, ಎಲ್ಲ ಕೈಸನ್ನೆ. ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಿದರೆ “ಚೆನ್ನಾಗಿದ್ದೇನೆ”. ಅಂಗೈ ಅಲ್ಲಾಡಿಸಿದರೆ “ಏನೋ ಸರಿಯಿಲ್ಲ”. ಹೆಬ್ಬೆರಳು ಮೇಲೆತ್ತಿದರೆ “ಶಭಾಷ್” ಅಲ್ಲ, “ಮೇಲಕ್ಕೆ ಹೋಗೋಣ” ಎಂದು. ಕ್ಲಾಸಿನಲ್ಲಿ ಮಕ್ಕಳಿಗೆ ಹೆಬ್ಬೆರಳು ತೋರಿಸಿ ಅಭ್ಯಾಸವಿದ್ದ ನಾನು ಇದನ್ನು ನಾಲ್ಕು ಸಲ ಹೇಳಿಕೊಂಡೆ.

ಅಷ್ಟರಲ್ಲಿ ಮೊಮ್ಮಗಳ ಮಾಸ್ಕಿನೊಳಗೆ ಸ್ವಲ್ಪ ನೀರು ಹೋಯಿತು. ಕೆಮ್ಮಿ, ಅತ್ತು, “ನಂಗೆ ಬೇಡ, ನಂಗೆ ಬೇಡ” ಎಂದಳು. ಯಾರೂ ಬಲವಂತ ಮಾಡಲಿಲ್ಲ. ಮಾಡಲೂಬಾರದು. ಬೇಡವೆನ್ನುವ ಹಕ್ಕು ಎಲ್ಲರಿಗೂ ಕೊನೆಯ ಗಳಿಗೆಯವರೆಗೆ ಇರುತ್ತದೆ ಎಂದು ಹುಡುಗ ಮೊದಲೇ ಹೇಳಿದ್ದ. ನಾನು ಅವಳ ಎದುರು ನಿಂತು, ಮುಖ ನೀರಿನೊಳಗಿಟ್ಟು, ಎಣಿಸುತ್ತಾ ಉಸಿರಾಡಿ ತೋರಿಸಿದೆ. ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನನ್ನ ಪಕ್ಕದಲ್ಲಿ ಅವಳ ಗುಳ್ಳೆಗಳೂ ಏಳತೊಡಗಿದವು.

ಅಜ್ಜಿಯೂ ಹೊಸಬಳೇ, ಮೊಮ್ಮಗಳೂ ಹೊಸಬಳೇ

ಒಂದೆರಡು ಮೀಟರ್ ಇಳಿಯುತ್ತಿದ್ದಂತೆ ಕಿವಿ ಗವ್ವೆಂದಿತು. ಆಗುಂಬೆ ಘಾಟಿ ಇಳಿಯುವಾಗ ಬಸ್ಸಿನಲ್ಲಿ ಕಿವಿ ಕಟ್ಟುತ್ತದಲ್ಲ, ಹಾಗೆ. ಮೂಗು ಹಿಡಿದು ಮೆತ್ತಗೆ ಊದಿದರೆ ಸರಿಹೋಗುತ್ತದೆ. ಹತ್ತು ಮೀಟರ್ ಆಳಕ್ಕೆ ಹೋದರೆ ಮೈಮೇಲಿನ ಒತ್ತಡ ದಡದಲ್ಲಿದ್ದುದರ ಎರಡು ಪಟ್ಟಾಗುತ್ತದೆ. ನಾವು ಹೋದದ್ದು ಆರೇಳು ಮೀಟರ್, ಎರಡು ಮಾಳಿಗೆ ಮನೆಯಷ್ಟು.

ಅಲ್ಲಿ ಮೊದಲು ಅರಿವಿಗೆ ಬಂದದ್ದು ಮೀನೂ ಅಲ್ಲ, ಹವಳವೂ ಅಲ್ಲ. ನನ್ನ ಮೊಣಕಾಲು! ಹತ್ತು ವರ್ಷದಿಂದ ಮೆಟ್ಟಿಲು ಕಂಡರೆ ಹೆದರುವ, ನೆಲದ ಮೇಲೆ ಕೂತರೆ ಏಳಲು ಗೋಡೆ ಹುಡುಕುವ ನನ್ನ ಮೊಣಕಾಲಿನಲ್ಲಿ ನೋವೇ ಇರಲಿಲ್ಲ. ನೀರು ನನ್ನ ಭಾರವನ್ನೆಲ್ಲ ಹೊತ್ತುಕೊಂಡಿತ್ತು. ಆರ್ಕಿಮಿಡೀಸನ ತತ್ವವನ್ನು ವಿಜ್ಞಾನದ ಮೇಷ್ಟ್ರು ಪಕ್ಕದ ಕ್ಲಾಸಿನಲ್ಲಿ ಹೇಳುವುದನ್ನು ಎಷ್ಟೋ ಸಲ ಕೇಳಿದ್ದೆ. ಈಗ ಅದು ನನ್ನ ಮೈಗೇ ಪಾಠ ಹೇಳುತ್ತಿತ್ತು.

ಪಕ್ಕಕ್ಕೆ ನೋಡಿದೆ. ಮೊಮ್ಮಗಳು ನನ್ನ ಸಮಕ್ಕೆ ತೇಲುತ್ತಿದ್ದಳು. ಮನೆಯಲ್ಲಾದರೆ ಅವಳು ಓಡುತ್ತಾಳೆ, ನಾನು ನಿಧಾನಕ್ಕೆ ಹಿಂದೆ ಬರುತ್ತೇನೆ. ಇಲ್ಲ, ನಾನು ಹೇಳುತ್ತೇನೆ, ಅವಳು ಕೇಳುತ್ತಾಳೆ. ಇಲ್ಲಿ ಎರಡೂ ಇಲ್ಲ. ಇಬ್ಬರೂ ಹೊಸಬರು, ಇಬ್ಬರಿಗೂ ಮಾತಿಲ್ಲ, ಇಬ್ಬರದೂ ಒಂದೇ ಕೆಲಸ: ಉಸಿರಾಡುವುದು, ನೋಡುವುದು. ಅವಳು ಬೆರಳಿನ ಉಂಗುರ ಮಾಡಿ ತೋರಿಸಿದಳು. ನಾನೂ ತೋರಿಸಿದೆ. ನನ್ನ ಮಟ್ಟಿಗೆ ಈ ಪ್ರವಾಸದ ಸೆಳೆತವೆಲ್ಲ ಅಷ್ಟರಲ್ಲೇ ಇದೆ. ಅಜ್ಜಿಯನ್ನೂ ಮೊಮ್ಮಗಳನ್ನೂ ಒಂದೇ ಬೆಂಚಿನ ಮೇಲೆ ಕೂರಿಸುವ ಶಾಲೆ ಭೂಮಿಯ ಮೇಲೆ ಎಲ್ಲಿದೆ?

ಆ ಶಾಲೆಯಲ್ಲಿ ಕಲಿಯಲು ಏನೇನಿತ್ತು! ನನ್ನ ಮಣಿಕಟ್ಟಿನ ಕೆಂಪು ದಾರ ಮಾಸಿದ ಕಂದು ಬಣ್ಣಕ್ಕೆ ತಿರುಗಿತ್ತು. ಬೆಳಕು ನೀರಿಗಿಳಿದಂತೆ ಮೊದಲು ಮಾಯವಾಗುವುದು ಕೆಂಪು. ಅದಕ್ಕೇ ಆಳದಲ್ಲಿ ಎಲ್ಲವೂ ನೀಲಿ. ಅನಿಮೋನ್ ಎಂಬ ಜೀವಿಯ ಕುಚ್ಚಿನಂಥ ಎಳೆಗಳ ನಡುವೆ ಕಿತ್ತಳೆ ಬಣ್ಣದ ಕ್ಲೌನ್ ಮೀನು ಇಣುಕಿ ನೋಡುತ್ತಿತ್ತು. ‘ಫೈಂಡಿಂಗ್ ನೀಮೋ’ ಸಿನಿಮಾ ನೋಡಿದ ಮಕ್ಕಳಿಗೆಲ್ಲ ಅದರ ಗುರುತಿದೆ. ಬೇರೆ ಮೀನುಗಳಿಗೆ ಕುಟುಕುವ ಆ ಎಳೆಗಳು ಇದಕ್ಕೆ ಏನೂ ಮಾಡುವುದಿಲ್ಲ. ಮೈಮೇಲಿನ ಲೋಳೆಯೇ ರಕ್ಷಾಕವಚ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಅವಳೇ ಯಜಮಾನಿ. ಅದನ್ನು ಮೇಲೆ ಬಂದ ಮೇಲೆ ನಮ್ಮವರಿಗೆ ತಪ್ಪದೆ ತಿಳಿಸಿದೆ.

ಎಲ್ಲಿಂದಲೋ ಕರುಂ ಕುರುಂ ಎಂಬ ಸದ್ದು, ಯಾರೋ ಚಕ್ಕುಲಿ ಕಡಿಯುತ್ತಿದ್ದ ಹಾಗೆ. ಹುಡುಗ ಬೆರಳು ಮಾಡಿ ತೋರಿಸಿದ. ಹಸಿರು, ನೀಲಿ ಬಣ್ಣದ ಗಿಳಿಮೀನು! ಗಿಳಿಯ ಕೊಕ್ಕಿನಂಥ ಹಲ್ಲಿನಿಂದ ಹವಳದ ಕಲ್ಲನ್ನು ಕೆರೆದು, ಅದರಲ್ಲಿರುವ ಪಾಚಿ ತಿನ್ನುತ್ತದೆ. ಹೊಟ್ಟೆಗೆ ಹೋದ ಕಲ್ಲಿನ ಪುಡಿ ಹಿಂದಿನಿಂದ ಬಿಳಿ ಮರಳಾಗಿ ಬೀಳುತ್ತದೆ. ದೊಡ್ಡ ಗಿಳಿಮೀನೊಂದು ವರ್ಷಕ್ಕೆ ನೂರಾರು ಕಿಲೋ ಮರಳು ಮಾಡುತ್ತದಂತೆ. ಹವಳದ ದ್ವೀಪಗಳಲ್ಲಿ ನಾವು ಫೋಟೊ ತೆಗೆಸಿಕೊಳ್ಳುವ ಬಿಳಿ ಮರಳಿನಲ್ಲಿ ಎಷ್ಟೋ ಪಾಲು ಮೀನಿನ ಲದ್ದಿ ಎಂದು ತಿಳಿದ ಮೊಮ್ಮಗ ಅಂದಿನಿಂದ ಮರಳಿನಲ್ಲಿ ಕೂರುವ ಮುಂಚೆ ಯೋಚಿಸತೊಡಗಿದ.

ನನಗಿಂತ ಹಿರಿಯರು

ಒಂದು ಕಡೆ ನನ್ನ ಸೊಂಟದೆತ್ತರದ ಗುಂಡು ಬಂಡೆಯೊಂದಿತ್ತು. ನಮ್ಮ ದುರ್ಗದ ಬಂಡೆಗಳ ಮರಿಯಂತಿದ್ದ ಅದು ಬಂಡೆಯಲ್ಲ, ಹವಳ. ಹವಳ ಗಿಡವೂ ಅಲ್ಲ, ಕಲ್ಲೂ ಅಲ್ಲ, ಪ್ರಾಣಿ. ಸಾಸಿವೆ, ಕಡಲೆ ಗಾತ್ರದ ಸಾವಿರಾರು ಜೀವಿಗಳು ಒಟ್ಟಿಗೆ ಬಾಳಿ, ಸುಣ್ಣದ ಮನೆ ಕಟ್ಟಿಕೊಳ್ಳುತ್ತವೆ. ಇಂಥ ಗುಂಡು ಹವಳ ವರ್ಷಕ್ಕೆ ಬೆಳೆಯುವುದು ಒಂದು ಸೆಂಟಿಮೀಟರಿನ ಆಸುಪಾಸು. ಹಾಗಿದ್ದರೆ ಸೊಂಟದೆತ್ತರಕ್ಕೆ ಎಷ್ಟು ವರ್ಷ? ಅದರ ಮುಂದೆ ನಾನೇ ಮೊಮ್ಮಗಳು! ಆ ಹಿರಿಯರಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಮುಟ್ಟಲಿಲ್ಲ. ಒಂದು ಕೈಯ ಒತ್ತಡ, ಒಂದು ಕಾಲಿನ ಒದೆತ ಸಾಕು, ಅದರ ಮೇಲಿನ ಮೆತ್ತನೆಯ ಜೀವಕ್ಕೆ ಗಾಯವಾಗುತ್ತದೆ.

ಇಲ್ಲಿ ಒಂದು ಭೂಗೋಳ ಹೇಳಿಬಿಡುತ್ತೇನೆ, ಹಳೆಯ ಚಾಳಿ. ಲಕ್ಷದ್ವೀಪ ಹವಳದಿಂದಲೇ ಆದದ್ದು. ಅಂಡಮಾನ್ ಹಾಗಲ್ಲ. ಮ್ಯಾನ್ಮಾರಿನಿಂದ ಬರುವ ಬೆಟ್ಟಸಾಲು ಸಮುದ್ರದಲ್ಲಿ ಮುಳುಗಿ, ತಲೆಗಳಷ್ಟೇ ಮೇಲೆ ಉಳಿದು ದ್ವೀಪಗಳಾಗಿವೆ. ಅವುಗಳ ಅಂಚಿಗೆ ಸೀರೆಯ ಸೆರಗಿನ ಹಾಗೆ ಹವಳ ಬೆಳೆದಿದೆ. ಸಮುದ್ರದ ತಳದಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲದ ಹವಳದ ದಿಬ್ಬಗಳು ಕಡಲ ಜೀವಜಾತಿಗಳಲ್ಲಿ ಸುಮಾರು ಕಾಲು ಪಾಲಿಗೆ ಆಸರೆ.

ಆ ಸೆರಗು ಎಲ್ಲ ಕಡೆ ಬಣ್ಣದ್ದಾಗಿರಲಿಲ್ಲ. ಇನ್ನೊಂದು ಬದಿಗೆ ಹೋದಾಗ ಮುರಿದ, ಬೂದು ಬಣ್ಣದ ಕೊಂಬೆಗಳ ರಾಶಿ ಕಂಡಿತು. ಸುಡುಗಾಡಿನ ಹಾಗಿತ್ತು. ಹುಡುಗ ಅಲ್ಲಿ ನಿಲ್ಲದೆ ಮುಂದಕ್ಕೆ ಕರೆದೊಯ್ದ. ದಡದಲ್ಲಿ ಚಹಾ ಕುಡಿಯುವಾಗ ನಾನೇ ಕೇಳಿದೆ. “ಅದೆಲ್ಲ ನಾನು ಚಿಕ್ಕವನಿದ್ದಾಗ ಸತ್ತದ್ದು, ಮಾಸಿಮಾ. ನಮ್ಮಪ್ಪ ಅಲ್ಲಿ ಮೀನು ಹಿಡಿಯುತ್ತಿದ್ದರು. ಆ ಬೇಸಿಗೆ ನೀರು ಬಿಸಿಯಾಗಿ ಎಲ್ಲ ಬೆಳ್ಳಗಾಯಿತು ಅಂತಾರೆ” ಎಂದ.

2010ರಲ್ಲಿ ಅಂಡಮಾನಿನ ಹವಳಕ್ಕೆ ಬಡಿದ ದೊಡ್ಡ ಪೆಟ್ಟು ಅದು. ಹವಳದ ಮೈಯೊಳಗೆ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಅದು ಬಿಸಿಲಿನಲ್ಲಿ ಅಡುಗೆ ಮಾಡಿ ಹವಳಕ್ಕೆ ಊಟ ಹಾಕುತ್ತದೆ, ಬಣ್ಣವನ್ನೂ ಕೊಡುತ್ತದೆ. ಸಮುದ್ರದ ನೀರು ಬೇಸಿಗೆಯ ಮಾಮೂಲಿ ಕಾವಿಗಿಂತ ಒಂದೇ ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೇ ಉಳಿದರೆ ಸಾಕು, ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಬೇಗ ತಂಪಾದರೆ ಚೇತರಿಸಿಕೊಳ್ಳುತ್ತದೆ, ಇಲ್ಲವಾದರೆ ಹಸಿವಿನಿಂದ ಸಾಯುತ್ತದೆ. ನಮಗೆ ಒಂದು ಡಿಗ್ರಿ ಜ್ವರ ಬಂದರೆ ಮಾತ್ರೆ ನುಂಗಿ ಮಲಗುತ್ತೇವೆ. ಸಮುದ್ರಕ್ಕೆ ಜ್ವರ ಬಂದರೆ ಮಾತ್ರೆ ಯಾರು ಕೊಡಬೇಕು? 2016ರಲ್ಲೂ ಹೀಗೇ ಆಯಿತು. 2024ರಲ್ಲಿ ಪ್ರಪಂಚದ ಬಹಳ ಕಡೆ ಹವಳ ಮತ್ತೆ ಬೆಳ್ಳಗಾಯಿತು.

“ಹಾಗಾದರೆ ನಾನು ಅಜ್ಜಿಯಾದಾಗ ಆ ದೊಡ್ಡ ಗುಂಡು ಹವಳ ಇರುತ್ತಾ?” ಎಂದು ಮೊಮ್ಮಗಳು ಕೇಳಿದಳು. ತರಗತಿಯಲ್ಲಿ ಯಾವ ಪ್ರಶ್ನೆಗೂ ತಡವರಿಸದ ನಾನು ಸುಮ್ಮನಾದೆ. ಆ ಹುಡುಗನೇ ಉತ್ತರ ಕೊಟ್ಟ: “ಅದು 2010ನ್ನೂ ದಾಟಿದೆ, 2016ನ್ನೂ ದಾಟಿದೆ. ಗಟ್ಟಿ ಅಜ್ಜಿ. ನಾವು ಇನ್ನಷ್ಟು ಬಿಸಿ ಮಾಡದೆ ಇದ್ದರೆ ಇರುತ್ತೆ.”

ಹೋಗುವವರಿಗೆ ನಾಲ್ಕು ಮಾತು

ನೀರಿಗಿಳಿಯಲು ಆಗದ ಹಿರಿಯರು, ಹತ್ತು ತುಂಬದ ಮಕ್ಕಳು ಬೇಸರಪಡಬೇಕಿಲ್ಲ. ತಳಕ್ಕೆ ಗಾಜು ಹಾಕಿದ ದೋಣಿಗಳಿವೆ. ನಮ್ಮವರೂ ಮೊಮ್ಮಗನೂ ಅದರಲ್ಲಿ ಕೂತು ಬಗ್ಗಿ ನೋಡುತ್ತಾ ಕಡಲ ಸೌತೆ, ದೊಡ್ಡ ಚಿಪ್ಪಿನ ಜೀವಿ, ಮೀನಿನ ಹಿಂಡು ಎಂದು ಎಣಿಸಿದರು. ರಾತ್ರಿ ನಮ್ಮ ಪಟ್ಟಿಗೂ ಅವರ ಪಟ್ಟಿಗೂ ಪೈಪೋಟಿ ನಡೆಯಿತು.

ಡೈವ್ ಮಾಡಿದ ದಿನವೇ ವಿಮಾನ ಹತ್ತಬೇಡಿ. ಒತ್ತಡದಲ್ಲಿ ಉಸಿರಾಡಿದ ಸಾರಜನಕ ಸ್ವಲ್ಪ ರಕ್ತದಲ್ಲಿ ಕರಗಿರುತ್ತದೆ. ಸೋಡಾ ಬಾಟಲಿಯ ಮುಚ್ಚಳ ತಟ್ಟನೆ ತೆಗೆದರೆ ಗುಳ್ಳೆ ಏಳುತ್ತದಲ್ಲ, ಮೈಯಲ್ಲಿ ಹಾಗಾಗಬಾರದು. ಹದಿನೆಂಟು ಗಂಟೆ ಬಿಡುವು ಕೊಡಿ, ಒಂದು ದಿನ ಪೂರ್ತಿ ಕೊಟ್ಟರೆ ಇನ್ನೂ ಒಳ್ಳೆಯದು.

ಹವಳದ ತುಂಡನ್ನು ನೆನಪಿಗೆಂದು ತರಬೇಡಿ, ದಡದಲ್ಲಿ ಸತ್ತು ಬಿದ್ದದ್ದಾದರೂ ಸರಿ. ಹುಲಿ, ಆನೆಗೆ ಇರುವ ರಕ್ಷಣೆಯೇ ವನ್ಯಜೀವಿ ಕಾಯ್ದೆಯಲ್ಲಿ ಹವಳಕ್ಕೂ ಇದೆ. ವಿಮಾನ ನಿಲ್ದಾಣದಲ್ಲಿ ಚೀಲ ತಪಾಸಣೆ ಮಾಡುತ್ತಾರೆ.

ಅಷ್ಟು ದೂರ, ಅಷ್ಟು ಖರ್ಚು ಆಗದು ಎನ್ನುವವರಿಗೆ ನಮ್ಮ ಉತ್ತರ ಕನ್ನಡದಲ್ಲೇ ನೇತ್ರಾಣಿ ಇದೆ. ಮುರ್ಡೇಶ್ವರದಿಂದ ದೋಣಿಯಲ್ಲಿ ಸುಮಾರು ಹತ್ತೊಂಬತ್ತು ಕಿಲೋಮೀಟರ್. ಮಳೆಗಾಲ ಕಳೆದ ಮೇಲೆ, ಕಡಲು ಶಾಂತವಾದಾಗ ಅಲ್ಲೂ ಡೈವಿಂಗ್ ಮಾಡಿಸುತ್ತಾರೆ. ಶಿವನ ದರ್ಶನ, ಮೀನಿನ ದರ್ಶನ ಎರಡೂ ಒಂದೇ ಪ್ರವಾಸದಲ್ಲಿ ಮುಗಿಯುತ್ತದೆ.

ಮೊಮ್ಮಗಳು ಈಗ ಬೆಂಗಳೂರಿನಲ್ಲಿ ಈಜು ತರಗತಿಗೆ ಸೇರಿದ್ದಾಳೆ. ಪ್ರತಿ ಭಾನುವಾರ ಫೋನಿನಲ್ಲಿ ನನಗೆ ಲೆಕ್ಕ ಒಪ್ಪಿಸುತ್ತಾಳೆ: ಈ ವಾರ ಎಷ್ಟು ಸುತ್ತು, ಮನೆಯಲ್ಲಿ ಎಷ್ಟು ಸಲ ಯಾರೂ ಇಲ್ಲದ ಕೋಣೆಯ ಫ್ಯಾನು, ಲೈಟು ಆರಿಸಿದಳು. ಎರಡನೆಯ ಲೆಕ್ಕ ಏಕೆಂದು ಅವಳಪ್ಪನಿಗೆ ಮೊದಲು ತಿಳಿಯಲಿಲ್ಲ. “ಕರೆಂಟು ಮಾಡಲು ಕಲ್ಲಿದ್ದಲು ಸುಡ್ತಾರೆ, ಅದರಿಂದ ಸಮುದ್ರಕ್ಕೆ ಬಿಸಿ ಆಗುತ್ತೆ, ಅಲ್ಲಿ ನಮ್ಮ ಗಟ್ಟಿ ಅಜ್ಜಿ ಇದೆ” ಎಂದು ಅವಳೇ ಪಾಠ ಮಾಡಿದಳಂತೆ. ಎರಡು ಅಂಕದ ಪ್ರಶ್ನೆಗೆ ಇಷ್ಟು ಚೆನ್ನಾದ ಉತ್ತರ ನನ್ನ ಮೂವತ್ತೆರಡು ವರ್ಷದಲ್ಲಿ ಯಾವ ಉತ್ತರ ಪತ್ರಿಕೆಯಲ್ಲೂ ಸಿಕ್ಕಿರಲಿಲ್ಲ.